ಅನ್ನದ ನೆಲ ಉಳಿಯಲಿ

ಮನುಷ್ಯನಿಗೂ ಭೂಮಿಗೂ ಹಿತವಾದ ಆಹಾರಕ್ರಮವೊಂದನ್ನು ಈಟ್-ಲ್ಯಾನ್ಸೆಟ್ ಆಯೋಗವು 2019ರಲ್ಲಿ ಜಗತ್ತಿನ ಮುಂದಿಟ್ಟಿತು. ಇಡಿಧಾನ್ಯ, ಬೇಳೆಕಾಳು, ತರಕಾರಿ, ಹಣ್ಣುಗಳೇ ಅದರ ಆಧಾರ. ಬಯಲುಸೀಮೆಯ ರಾಗಿಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯದ ಊಟ ಇದಕ್ಕೆ ದೂರದ್ದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸು. ಮಳೆಯನ್ನೇ ನಂಬಿ ಬೆಳೆಯಬಲ್ಲ ಧಾನ್ಯವಿದು.

ಆದರೆ ಬೆಳೆಯಲು ನೆಲವೆಲ್ಲಿ? ಬಳ್ಳಾರಿ ರಸ್ತೆಯ ಒಂದು ಬದಿಯ ಜಿಕೆವಿಕೆಯಲ್ಲಿ ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ರಾಗಿ ತಳಿ ರೂಪುಗೊಂಡಿತು. ಇನ್ನೊಂದು ಬದಿಯ ಅಮೃತಹಳ್ಳಿಯ ಹೊಲಗಳು ಬಡಾವಣೆಗಳಾದವು. ಬೀಜವನ್ನು ಉಗ್ರಾಣದಲ್ಲಿ ಕಾಪಾಡಬಹುದು. ಕಟ್ಟಡದಡಿ ಸೇರಿದ ಹೊಲವನ್ನು ಮರಳಿ ಪಡೆಯಲಾಗದು.

ಇದು ಕೇವಲ ನಗರದ ಕಥೆಯೆಂದು ಮಲೆನಾಡಿಗರಾದ ನಾವು ಸುಮ್ಮನಿರುವಂತಿಲ್ಲ. ನಮ್ಮ ಭತ್ತದ ಗದ್ದೆಗಳೂ ಅಡಿಕೆ ತೋಟಗಳಾಗುತ್ತಿವೆ. ರೈತನನ್ನು ದೂರಿ ಫಲವಿಲ್ಲ. ಅನ್ನ ಬೆಳೆದವನಿಗೆ ಅಡಿಕೆಯಷ್ಟು ಆದಾಯವಿಲ್ಲ. 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಉತ್ಸವಗಳೊಂದಿಗೆ ಮುಗಿಯಿತು. ಏನನ್ನು ಉಣ್ಣಬೇಕೆಂಬ ಉಪದೇಶದಷ್ಟೇ ಗಟ್ಟಿಯಾಗಿ, ಅದನ್ನು ಬೆಳೆಯುವ ನೆಲ ಮತ್ತು ಬೆಳೆಯುವವನ ಬೆಲೆಯ ಪ್ರಶ್ನೆಯನ್ನು ಓದುಗರು ತಮ್ಮ ಗ್ರಾಮಸಭೆಗಳಲ್ಲಿ ಎತ್ತಬೇಕು.