ಚರಂಡಿಯಿಂದ ಎದ್ದ ಕಿತ್ತಯ್ಯ

ಹೆಬ್ಬಾಳ ಅಂದರೆ ನಮಗೆ ಮೇಲ್ಸೇತುವೆ, ಅದರ ಮೇಲೆ ಕದಲದ ಕಾರುಗಳ ಸಾಲು, ವಿಮಾನ ತಪ್ಪೀತೆಂಬ ಆತಂಕ. ಅದೇ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆಂದು ನೆಲ ಅಗೆದಾಗ ಕಿತ್ತಯ್ಯನೆಂಬ ವೀರನ ಕಲ್ಲು ಮೇಲೆದ್ದಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು, ಊರಿಗಾಗಿ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಅದನ್ನು ಮತ್ತೆ ಮಣ್ಣುಪಾಲಾಗದಂತೆ ಉಳಿಸಿದವರು ನಗರದ ಶಾಸನಗಳ ಬೆನ್ನು ಹತ್ತಿದ ಹವ್ಯಾಸಿಗಳು ಮತ್ತು ಆ ಬಡಾವಣೆಯ ಜನ. ಕೊನೆಗೆ ಅದಕ್ಕೊಂದು ಮಂಟಪವನ್ನೂ ಕಟ್ಟಿಸಿದರು. ಈ ಹವ್ಯಾಸಿಗಳ ಕೈಪಿಡಿ ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ. ಅದರಲ್ಲಿ ‘ಊರ ಮುಂದಿನ ಹೊಲದಲ್ಲಿ’ ಎಂಬಂಥ ವಿಳಾಸ ಹಿಡಿದು ಹೋದರೆ ಹೊಲವೂ ಇಲ್ಲ, ಊರ ಮುಂದು ಯಾವುದೆಂದು ಹೇಳುವವರೂ ಇಲ್ಲ! ಸಿಕ್ಕ ಕಲ್ಲಿಗೆ ಒಮ್ಮೊಮ್ಮೆ ಎಣ್ಣೆ ಬಣ್ಣ ಬಳಿದು, ಅರಿಶಿನ ಕುಂಕುಮ ಹಚ್ಚಿ ದೇವರು ಮಾಡಿರುತ್ತಾರೆ. ಓದುವವರಿಗೆ ಅದು ಕಿರಿಕಿರಿ, ಆದರೆ ಎಷ್ಟೋ ಕಲ್ಲುಗಳು ಜೆಸಿಬಿ ಬಾಯಿಂದ ಪಾರಾದದ್ದು ಆ ಕುಂಕುಮದಿಂದಲೇ ಎಂದು ನನ್ನ ಗುಮಾನಿ. 1909ರಲ್ಲಿ ಹುಟ್ಟಿದ, ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿ ಈಗ ಇಂಥ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಸವೆದ ಅಕ್ಷರಗಳು ಪರದೆಯ ಮೇಲೆ ಕಣ್ಣಿಗೆ ಬೀಳುತ್ತವೆ. ಬೆಂಗಳೂರು ಎಂಬ ಹೆಸರು ಮೊದಲು ಕಾಣುವ ಒಂಬತ್ತನೆಯ ಶತಮಾನದ ಶಾಸನವೂ ಇರುವುದು ಪೇಟೆಯಲ್ಲಲ್ಲ, ಬೇಗೂರಿನ ದೇವಸ್ಥಾನದಲ್ಲಿ. ಮೊನ್ನೆಮೊನ್ನೆ ನಗರಕ್ಕೆ ಸೇರಿದ ಊರು ಎಂದು ಮೂಗು ಮುರಿಯುವವರು ಒಂದು ಭಾನುವಾರ ಅಲ್ಲಿಗೆ ಹೋಗಿ ಬರಬಹುದು; ದಾರಿಯಲ್ಲಿ ಟ್ರಾಫಿಕ್ಕೂ ಅಷ್ಟಿರುವುದಿಲ್ಲ.