ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ ಅನ್ನುವವರಿಗೆ

ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ ಸ್ವಾಮಿ. ತಿರುವನಂತಪುರದಲ್ಲಿದ್ದಾಗ ಪಕ್ಕದ ಮನೆಯವರು "ಎಂದಿನಾ ಇದು?" ಅಂತಿದ್ದರು. ಕೊಚ್ಚಿಗೆ ಬಂದ ಮೇಲೆ ಊರಿನ ನೆಂಟರು ಅದನ್ನೇ ಕನ್ನಡದಲ್ಲಿ ಕೇಳ್ತಾರೆ. ಅಂಗೈಯಗಲದ ಪ್ಲಾಸ್ಟಿಕ್ ಟ್ಯಾಂಕಿನ ಹೊಟ್ಟೆಗೆ ಬೇರೆ ದುಡ್ಡು ಕೊಟ್ಟು ತರಿಸಿದ ರೆಸಿನ್ ಇಂಜಿನ್ ಯಾಕೆ? ಮುಚ್ಚಿದ ಮೇಲೆ ಯಾರಿಗೆ ಕಾಣುತ್ತೆ?

ನನ್ನ ಮರುಪ್ರಶ್ನೆ ಇಷ್ಟೇ: ಹೊರಗೆ ಕಾಣೋದಾದರೂ ಎಲ್ಲಿಂದ ಬಂತು?

1971ರ ಯುದ್ಧದಲ್ಲಿ ನಮ್ಮ ಸೇನೆ ಬಳಸಿದ ಟಿ-55 ತಗೊಳ್ಳಿ. 1:72 ಅಳತೆಯಲ್ಲಿ ಅದರ ಒಡಲು ಸುಮಾರು 9 ಸೆಂಟಿಮೀಟರ್. ಎರಡನೇ ಮಹಾಯುದ್ಧದ ಟಿ-34 ಪಕ್ಕದಲ್ಲಿಡಿ. ಟಿ-34ರ ಗೋಪುರ ಮುಂದಕ್ಕೆ ಒತ್ತಿಕೊಂಡಿದೆ, ಟಿ-55ರದ್ದು ನಡುಮಧ್ಯಕ್ಕೆ ಬಂದಿದೆ. ಯಾಕೆ ಗೊತ್ತೇ? ಟಿ-34ರಲ್ಲಿ ಹನ್ನೆರಡು ಸಿಲಿಂಡರಿನ ಡೀಸೆಲ್ ಇಂಜಿನ್ ಉದ್ದಕ್ಕೆ ಮಲಗಿದೆ. ಟಿ-55ರಲ್ಲಿ ಅದೇ ವಂಶದ ಇಂಜಿನ್ ಅಡ್ಡಕ್ಕೆ ಕೂತಿದೆ. ಹಿಂದೆ ಜಾಗ ಉಳಿಯಿತು, ಗೋಪುರ ಹಿಂದೆ ಸರಿಯಿತು. ಕಾಣದ ಇಂಜಿನ್ನೇ ಕಾಣುವ ಆಕಾರವನ್ನು ತೀರ್ಮಾನಿಸಿದ್ದು! ಖಾಲಿ ಡಬ್ಬ ಅಂಟಿಸಿದವನಿಗೆ ಇದು ಗೊತ್ತಾಗೋದು ಹೇಗೆ?

ಆವಡಿಯಲ್ಲಿ ತಯಾರಾದ ನಮ್ಮ ವಿಜಯಂತ ಇನ್ನೂ ಸೋಜಿಗದ್ದು. ಅದರ ಲೇಲ್ಯಾಂಡ್ ಎಲ್60 ಇಂಜಿನ್ನಿಗೆ ಆರು ಸಿಲಿಂಡರು, ಹನ್ನೆರಡು ಪಿಸ್ಟನ್ನು. ಒಂದೊಂದು ಸಿಲಿಂಡರಿನಲ್ಲೂ ಎರಡೆರಡು ಪಿಸ್ಟನ್ ಎದುರುಬದುರು. ಬ್ರಿಟಿಷರ ಚೀಫ್ಟನ್ ಟ್ಯಾಂಕಿನಲ್ಲಿ ಪದೇ ಪದೇ ಕೈಕೊಟ್ಟು ಕೆಟ್ಟ ಹೆಸರು ತಂದದ್ದೂ ಇದೇ. ಆ ಕಥೆಯೆಲ್ಲ ಇರೋದು ಮುಚ್ಚಳದ ಕೆಳಗೇ, ಮೇಲಿನ ಬಣ್ಣದಲ್ಲಲ್ಲ.

ಹಾಗಂತ ರೆಸಿನ್ ತಂದವರೆಲ್ಲ ಪಂಡಿತರು ಅಂತಲ್ಲ. ಸಿಲಿಕೋನ್ ಅಚ್ಚಿಗೆ ಪಾಲಿಯುರೆಥೇನ್ ಸುರಿದು ಮಾಡೋ ಈ ಬಿಡಿಭಾಗದಲ್ಲಿ ಸಣ್ಣ ಪೈಪು, ಬೋಲ್ಟು ಎಲ್ಲ ಚಂದ ಮೂಡುತ್ತೆ, ನಿಜ. ಆದರೆ ಸಿಕ್ಕಿದ ಇಂಜಿನ್ನನ್ನು ಸಿಕ್ಕಿದ ಟ್ಯಾಂಕಿಗೆ ತುರುಕಿ, ಫೋಟೋ ತೆಗೆದು ಮೆರೆಯುವವರಿಗೂ ಖಾಲಿ ಡಬ್ಬದವರಿಗೂ ಏನು ವ್ಯತ್ಯಾಸ? ಅದು ಕಲಿಕೆಯಲ್ಲ, ಒಡವೆ. ಇನ್ನು ಕೆಲವರು ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಒಣ ರೆಸಿನ್ ಉಜ್ಜುತ್ತಾರೆ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ ಮಾರಾಯ್ರೇ! ನೀರು ಹಾಕಿ ಉಜ್ಜಿ, ಮಾಸ್ಕ್ ಕಟ್ಟಿ. ಪ್ಲಾಸ್ಟಿಕ್ಕಿಗೆ ಹಾಕುವ ಸಿಮೆಂಟಿಗೆ ರೆಸಿನ್ ಹಿಡಿಯೋದಿಲ್ಲ, ಸೂಪರ್ ಗ್ಲೂನೇ ಬೇಕು.

ನಿಜವಾದ ಸಂಕಟ ಬೇರೆಯೇ ಇದೆ. ನಮ್ಮ ಈ ಕೊಚ್ಚಿಯಲ್ಲೇ ಕಟ್ಟಿದ ಐಎನ್‌ಎಸ್ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿತು. ಎಲ್ಲರ ಮೊಬೈಲಿನಲ್ಲೂ ಅದರ ಡೆಕ್ಕು, ವಿಮಾನ. ಒಳಗೆ ಆ ಬೆಟ್ಟವನ್ನು ದೂಡುವ ನಾಲ್ಕು ಗ್ಯಾಸ್ ಟರ್ಬೈನುಗಳ ಬಗ್ಗೆ ಕೇಳಿದವರೆಷ್ಟು ಮಂದಿ? ಕಾಣದ್ದು ಲೆಕ್ಕಕ್ಕಿಲ್ಲ ಅನ್ನೋ ಬುದ್ಧಿ ಮನೆಯಲ್ಲೇ ಮಕ್ಕಳಿಗೆ ಅಂಟುತ್ತೆ. ಆಟಿಕೆ ಬಿಚ್ಚಿದ ಮಗುವಿಗೆ ಬೈಯುವವರೂ ನಾವೇ, ಅದು ಇಂಜಿನಿಯರ್ ಆಗಲಿ ಅಂತ ಹರಕೆ ಹೊರುವವರೂ ನಾವೇ.

ಮುಚ್ಚಿದ ಮೇಲೆ ಯಾರಿಗೂ ಕಾಣದಿದ್ದರೆ ಬೇಡ ಬಿಡಿ. ಕೂರಿಸಿದವನಿಗೆ ಗೊತ್ತಿರುತ್ತೆ. ನೋಡಲೇಬೇಕು ಅನ್ನುವವರಿಗೆ ಒಂದು ಉಪಾಯ: ಹಿಂದಿನ ಮುಚ್ಚಳಕ್ಕೆ ಅಂಟು ಹಾಕಬೇಡಿ.