ಮುಳುಗಿದ ಹಡಗೂ ಗಾಳದ ಮೋಜೂ

ಚಳಿ ಕಳೆದು ಮಳೆ ಹಿಡಿಯುವ ತನಕ ನಮ್ಮ ಕಡಲು ಸಾಧುವಾಗಿರುತ್ತದೆ. ಗಾಳ ಹಾಕುವವರಿಗೆ ಇದೇ ಸುಗ್ಗಿ. ಆದಿತ್ಯವಾರ ಕೂಳೂರು ಸಂಕದ ಬಳಿ ಹೋಗಿ ನೋಡಿರಿ: ಗಿರಣಿಯ ಕೆಲಸಗಾರನೂ ದಿನಸಿ ಅಂಗಡಿಯವನೂ ಪಕ್ಕಪಕ್ಕದಲ್ಲಿ ನೂಲು ಹಿಡಿದು ಕುಳಿತಿರುತ್ತಾರೆ. ಈಚೆಗೆ ಬೇರೊಂದು ಬಗೆಯೂ ಸೇರಿಕೊಂಡಿದೆ. ದುಬಾರಿ ಕೋಲು, ರಾಟೆ ಹಿಡಿದವರು ಬಾಡಿಗೆ ದೋಣಿಯಲ್ಲಿ ಆಳಕ್ಕೆ ಹೋಗಿ, ದೊಡ್ಡ ಮೀನು ಎಳೆದು, ಪಟ ತೆಗೆಸಿಕೊಂಡು ಬರುತ್ತಾರೆ.

ಮೋಜಿಗೆ ನಾನು ವಿರೋಧಿಯಲ್ಲ. ದುಡಿಯುವವನಿಗೂ ಮೋಜು ಬೇಕು. ಆದರೆ ಆ ದೊಡ್ಡ ಮೀನು ಯಾರ ನಷ್ಟದ ಮೇಲೆ ಸಿಗುತ್ತದೆ ಎಂದು ವಿಚಾರಿಸಬೇಡವೇ?

ಮಂಗಳೂರಿನ ಕಡಲಿಗೆ ಹಡಗು ಮುಳುಗುವುದು ಹೊಸತಲ್ಲ. 2007ರಲ್ಲಿ ಎರಿಟ್ರಿಯಾದ ‘ಡೆನ್ ಡೆನ್’ ಮುಳುಗಿತು. 2009ರಲ್ಲಿ ಕಬ್ಬಿಣದ ಅದಿರು ಹೊತ್ತ ‘ಏಷ್ಯನ್ ಫಾರೆಸ್ಟ್’ ಮುಳುಗಿತು. 2022ರ ಜೂನಿನಲ್ಲಿ ಉಕ್ಕಿನ ಸುರುಳಿ ತುಂಬಿದ ‘ಪ್ರಿನ್ಸೆಸ್ ಮಿರಾಲ್’ ಉಳ್ಳಾಲದಾಚೆ ಬಟ್ಟಪಾಡಿಯ ಹತ್ತಿರ ಕೆಟ್ಟು ನಿಂತಿತು. ಅದರ 15 ಮಂದಿ ಸಿರಿಯಾ ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಉಳಿಸಿತು.

ಹೀಗೆ ಮುಳುಗಿದ ಹಡಗನ್ನು ಎತ್ತದೆ ಬಿಟ್ಟರೆ ಅದು ಮರಳಿನ ಬಯಲಲ್ಲಿ ಎದ್ದ ಬಂಡೆಯಂತಾಗುತ್ತದೆ. ಕಬ್ಬಿಣಕ್ಕೆ ಚಿಪ್ಪು ಹತ್ತುತ್ತದೆ, ಸಣ್ಣ ಮೀನು ಆಸರೆ ಹುಡುಕುತ್ತದೆ, ಅದರ ಹಿಂದೆ ಮುರು, ಅಂಜಲ್ ಬರುತ್ತವೆ. ಬಲೆ ಎಳೆದರೆ ಸಿಕ್ಕಿ ಹರಿಯುವುದರಿಂದ ಅಲ್ಲಿ ಗಾಳವೊಂದೇ ಸಾಧನ. ಗಾಳದವನಿಗೆ ಅದು ನಿಧಿ. ಬಲೆಯವನಿಗೆ ಮಾತ್ರ ಶನಿ.

ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಬೆಂಗ್ರೆಯ ಹುಡುಗನೊಬ್ಬ ಎರಡು ವಾರ ಬರಲಿಲ್ಲ. ವಿಚಾರಿಸಲು ಮನೆಗೆ ಹೋದೆ. ನೀರಡಿಯ ಕಬ್ಬಿಣಕ್ಕೆ ಸಿಕ್ಕಿ ಚಿಂದಿಯಾದ ಬಲೆಯ ಸುತ್ತ ಮನೆಮಂದಿಯೆಲ್ಲ ಕುಳಿತಿದ್ದರು. ಹುಡುಗನ ಕೈಯಲ್ಲೂ ಸೂಜಿಯಿತ್ತು. “ಬಲೆ ಆಗದೆ ಅಕ್ಕಿ ಇಲ್ಲ ಮಾಷ್ಟ್ರೇ” ಎಂದಳು ತಾಯಿ. ಆ ಬಲೆಯ ಬೆಲೆಯನ್ನು ಯಾರೂ ಕೊಡಲಿಲ್ಲ.

ಅಮೆರಿಕದ ಡೆಲವೇರ್ ರಾಜ್ಯ 2001ರಿಂದ ನ್ಯೂಯಾರ್ಕಿನ ಹಳೆಯ ಸುರಂಗ ರೈಲಿನ 600ಕ್ಕೂ ಮಿಕ್ಕಿ ಡಬ್ಬಿಗಳನ್ನು ಕಡಲಿಗಿಳಿಸಿ ಮೀನಿಗೆ ಮನೆ ಕಟ್ಟಿತು. ಅಲ್ಲಿಯೂ ಗಾಳದವರಿಗೂ ಬೋನು ಇಡುವ ಬೆಸ್ತರಿಗೂ ಜಗಳ ಹತ್ತಿತು. ಕೊನೆಗೆ ಕಾಯಿದೆ ಗಾಳದವರ ಪರವಾಯಿತು. ಗಾಳದ ಸಾಮಾನಿನ ಮೇಲಿನ ತೆರಿಗೆಯೂ ಅಂಥ ಮನೆಗಳಿಗೆ ಸಂದಿತ್ತೆಂಬುದು ನಿಜ. ಆದರೆ ನಮ್ಮಲ್ಲಿ ಹಡಗು ಮುಳುಗಿದ್ದರ ಬೆಲೆ ತೆತ್ತವನು ಬಲೆಯವನು. ಅವನನ್ನೇ ಹೊರಗಿಡುವುದು ನ್ಯಾಯವೇ?

ಇನ್ನೊಂದು ಮಾತು. ಮುರು ಜಾತಿಯ ಹಲವು ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಪಟಕ್ಕಾಗಿ ದೊಡ್ಡದನ್ನೇ ಆರಿಸಿ ಕೊಂದರೆ ಸಂತಾನಕ್ಕೇ ಕೊಡಲಿ.

ಆದುದರಿಂದ ನಾವು ಕೇಳುವುದು ಇಷ್ಟೇ. ಮುಳುಗಿದ ಹಡಗುಗಳ ಜಾಗವನ್ನು ಕನ್ನಡದಲ್ಲಿ ಬರೆದು ಧಕ್ಕೆಯಲ್ಲಿ ಹಾಕಬೇಕು. ಹಡಗು ತೆಗೆಸುವ ಹೊಣೆ ಮಾಲಿಕನದೆಂಬ 2007ರ ನೈರೋಬಿ ಒಪ್ಪಂದಕ್ಕೆ ಭಾರತ 2011ರಲ್ಲಿ ಸೇರಿದೆ. ಅದರಂತೆ ವಸೂಲಿ ಮಾಡಿ, ಹರಿದ ಬಲೆಗೂ ಪರಿಹಾರ ಕೊಡಬೇಕು. ಮೋಜಿನ ದೋಣಿಯ ಬಾಡಿಗೆ ಮೀನುಗಾರರ ಸಹಕಾರ ಸಂಘಗಳ ಮೂಲಕ ನಡೆಯಲಿ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಇರುವ ನಿಷೇಧವನ್ನು ಮೋಜಿಗಾಗಿ ಸಡಿಲಿಸದಿರಲಿ.

ಕಡಲಿಗೆ ಬೇಲಿಯಿಲ್ಲ. ಮೋಜಿನ ಹೆಸರಿನಲ್ಲಿ ಯಾರೂ ಬೇಲಿ ಹಾಕದಂತೆ ನೋಡಿಕೊಳ್ಳುವುದು ಸಂಕದ ಮೇಲೆ ನೂಲು ಹಿಡಿದವನ ಕೆಲಸವೂ ಹೌದು.